ದಾಶಿ ಮಾಡೋವಾಗ ಕೊಂಬು ಕುದಿಸ್ಬೇಡಿ

ಜಪಾನಿ ಸೂಪ್ ಮನೇಲಿ ಮಾಡೋರಿಗೆ ಒಂದು ಮಾತು, ಎಲ್ಲಾ ರುಚಿ ಇರೋದು ದಾಶಿಲೇ, ಅಂದ್ರೆ ಆ ತಿಳಿ ಸಾರಲ್ಲಿ. 1 ಲೀಟರ್ ನೀರಿಗೆ 10 ಗ್ರಾಂ ಕೊಂಬು ಸಾಕು, ಕೊಂಬು ಅಂದ್ರೆ ಒಣಗಿಸಿದ ಸಮುದ್ರದ ಪಾಚಿ, ಅದರ ಮೇಲೆ ಬಿಳಿ ಪುಡಿ ಥರ ಇರುತ್ತಲ್ಲ ಅದನ್ನ ಧೂಳು ಅನ್ಕೊಂಡು ತೊಳೀಬೇಡಿ ದಯವಿಟ್ಟು, ರುಚಿನೂ ಹೋಗತ್ತೆ. ಅರ್ಧ ಗಂಟೆ ನೆನೆಸಿ ಸಣ್ಣ ಉರೀಲಿ ಇಡಿ, ಪಾತ್ರೆ ತಳದಲ್ಲಿ ಸಣ್ಣ ಗುಳ್ಳೆ ಬರ್ತಿದ್ದ ಹಾಗೇ ಕೊಂಬು ತೆಗೆದುಬಿಡಿ, ಕುದಿಸಿದ್ರೆ ಲೋಳೆ ಬಿಟ್ಕೊಂಡು ಒಗರಾಗತ್ತೆ. 1908ರಲ್ಲಿ ಇಕೆಡಾ ಅನ್ನೋ ವಿಜ್ಞಾನಿ ಗ್ಲುಟಮೇಟ್ ಅನ್ನೋ ರುಚಿ ಕೊಡೋ ವಸ್ತು ಗುರುತಿಸಿ ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟಿದ್ದೂ ಇದೇ ಕೊಂಬು ಸಾರಿಂದ!

ಮಾಮೂಲಿ ದಾಶಿಗೆ ಆಮೇಲೆ ಕತ್ಸುಒಬುಶಿ ಹಾಕ್ತಾರೆ, ಅದು ಮೀನು. ನಮ್ಮ ಥರ ವೆಜ್ ಇರೋರು ಒಣ ಶಿಟಾಕೆ ಅಣಬೆ 3-4 ತಣ್ಣೀರಲ್ಲಿ ರಾತ್ರಿಯಿಡೀ ಫ್ರಿಡ್ಜಲ್ಲಿ ನೆನೆಸಿ ಆ ನೀರು ಬೆರೆಸಿ, ಅಲ್ಲಿನ ಬೌದ್ಧ ಮಠಗಳ ಅಡುಗೆಲೂ ಕೊಂಬು, ಶಿಟಾಕೆ ದಾಶಿನೇ. ರೆಡಿಮೇಡ್ ದಾಶಿ ಪುಡಿ ತಗೊಂಡ್ರೆ ಲೇಬಲ್ ಓದಿ, ಸುಮಾರು ಪ್ಯಾಕೆಟಲ್ಲಿ ಮೀನಿರತ್ತೆ.

ಸೂಪಿಗೆ ಮಿಸೊ, ಅಂದ್ರೆ ಹುದುಗಿಸಿದ ಸೋಯಾ ಪೇಸ್ಟು, ಹಾಕೋದಾದ್ರೆ ಅದನ್ನ ಮಾತ್ರ ಸ್ಟವ್ ಆಫ್ ಮಾಡಿದ ಮೇಲೇ ಕರಗಿಸಿ, ಕುದ್ರೆ ಘಮ ಹಾರಿಹೋಗತ್ತೆ. ಬಳಸಿದ ಕೊಂಬು ಬಿಸಾಡ್ಬೇಡಿ, ಸಣ್ಣಗೆ ಹೆಚ್ಚಿ ಸೋಯಾ ಸಾಸು ಸ್ವಲ್ಪ ಸಕ್ಕರೆ ಹಾಕಿ ಬತ್ತಿಸಿದ್ರೆ ಬಿಸಿ ಅನ್ನಕ್ಕೆ ಸೂಪರ್.