ಒಂದು ರೈಡ್‌ಗೆ ಎಷ್ಟು ಬಿತ್ತು? ಥೀಮ್ ಪಾರ್ಕ್ ಪ್ರವಾಸದ ನಮ್ಮ ಮನೆಯ ಲೆಕ್ಕ

ನಾಲ್ಕು ವರ್ಷಗಳ ಹಿಂದೆ ಮನೆಮಂದಿಯೆಲ್ಲ ಮೊದಲ ಬಾರಿಗೆ ಥೀಮ್ ಪಾರ್ಕ್‌ಗೆ ಹೋಗಿ ಬಂದೆವು. ಬಂದ ರಾತ್ರಿ, ಮಕ್ಕಳು ಮಲಗಿದ ಮೇಲೆ, ರಸೀದಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂಡಿಸಿದೆ. ಬಂದ ಮೊತ್ತವನ್ನು ಆ ದಿನ ನಾವು ಹತ್ತಿದ ರೈಡ್‌ಗಳ ಸಂಖ್ಯೆಯಿಂದ ಭಾಗಿಸಿದೆ. ರೈಡ್‌ಗಳು ನಾಲ್ಕೇ ನಾಲ್ಕು. ಒಂದೊಂದು ರೈಡ್‌ಗೆ ಒಟ್ಟು ಖರ್ಚಿನ ಕಾಲು ಭಾಗ ಬಿದ್ದಿತ್ತು. ಆ ಅಂಕಿಯನ್ನು ಡೈರಿಯಲ್ಲಿ ಬರೆದು ಸುತ್ತ ಚೌಕ ಎಳೆದೆ. ಎರಡನೇ ಪ್ರವಾಸಕ್ಕೆ ಯೋಜನೆ ಹಾಕಿದ್ದು ಆ ಚೌಕದೊಳಗಿನ ಅಂಕಿಯಿಂದಲೇ.

ಮೊದಲ ಸಲ ನಾವು ದುಂದು ಮಾಡಿದ್ದೆವು ಎಂದಲ್ಲ. ಟಿಕೆಟ್‌ಗೆ ಎಷ್ಟು ಎಂದು ನೋಡಿದ್ದೆವು, ಹಣ ಹೊಂದಿಸಿದ್ದೆವು, ರಜೆಯ ಶನಿವಾರ ಹೊರಟೆವು. ಬಾಗಿಲು ತಲುಪುವಾಗ ಹನ್ನೊಂದು ಗಂಟೆ. ವಾಹನ ನಿಲುಗಡೆ, ಲಾಕರ್, ನೀರು, ನಡುಮಧ್ಯಾಹ್ನದ ಊಟ, ಇಳಿಯುವಲ್ಲೇ ಕೈಗೆ ಕೊಡುವ ಫೋಟೊ, ಮಗಳು ಅತ್ತಾಗ ಕೊಡಿಸಿದ ಗೊಂಬೆ ಎಲ್ಲ ಸೇರಿ ಟಿಕೆಟ್‌ಗಿಂತ ಹೆಚ್ಚಾಯಿತು. ಮಗಳು ಅತ್ತದ್ದಕ್ಕೆ ಕಾರಣವಿತ್ತು. ಎಪ್ಪತ್ತು ನಿಮಿಷ ಸರತಿಯಲ್ಲಿ ನಿಂತು ರೋಲರ್ ಕೋಸ್ಟರ್‌ನ ಮೆಟ್ಟಿಲು ಮುಟ್ಟಿದಾಗ ಅಲ್ಲಿದ್ದ ಅಳತೆಗೋಲಿಗೆ ಅವಳು ಮೂರು ಸೆಂಟಿಮೀಟರ್ ಕಡಿಮೆ ಬಿದ್ದಳು. ಆಗ ಅವಳಿಗೆ ಏಳು ವರ್ಷ. ಆ ಮುಖ ನನಗೆ ಇಂದಿಗೂ ಮರೆತಿಲ್ಲ.

ಕಳೆದ ವರ್ಷ ಮತ್ತೆ ಹೋಗುವ ಮಾತು ಬಂದಾಗ ಒಟ್ಟು ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಮೊದಲೇ ನಿರ್ಧರಿಸಿದೆವು: ಹಿಂದಿನ ಸಲದ ಮುಕ್ಕಾಲು ಭಾಗ, ಅದಕ್ಕಿಂತ ಒಂದು ಬಿಡಿಗಾಸೂ ಹೆಚ್ಚಿಲ್ಲ. ಆ ಮೊತ್ತವನ್ನು ನೂರು ಪಾಲು ಎಂದಿಟ್ಟುಕೊಂಡು ಹಂಚಿದೆ. ಟಿಕೆಟ್‌ಗೆ 40, ಪ್ರಯಾಣಕ್ಕೆ 22, ಒಂದು ರಾತ್ರಿಯ ವಸತಿಗೆ 15, ಊಟ ತಿಂಡಿಗೆ 12, ಮಕ್ಕಳ ಕೈಗೆ 3, ಮುಟ್ಟದೆ ಇಡುವುದಕ್ಕೆ 8. ನೂರರ ಲೆಕ್ಕದಲ್ಲಿ ಯೋಚಿಸುವುದರಿಂದ ಒಂದು ಅನುಕೂಲವಿದೆ. ಯಾವುದೋ ಒಂದಕ್ಕೆ ಎರಡು ಪಾಲು ಹೆಚ್ಚಾದರೆ ಅದನ್ನು ಯಾವ ಸಾಲಿನಿಂದ ತರಬೇಕು ಎಂಬ ಪ್ರಶ್ನೆ ತಕ್ಷಣ ಎದುರಿಗೆ ಬಂದು ನಿಲ್ಲುತ್ತದೆ.

ದಿನ ಆರಿಸುವುದಕ್ಕೆ ನಾನು ವಾರಗಟ್ಟಲೆ ಸಮಯ ಕೊಟ್ಟೆ. ಈಗ ದೊಡ್ಡ ಪಾರ್ಕ್‌ಗಳಲ್ಲಿ ದಿನಕ್ಕೊಂದು ದರ. ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ 2016ರಲ್ಲಿ ಜನಸಂದಣಿಗೆ ತಕ್ಕಂತೆ ಟಿಕೆಟ್ ದರವನ್ನು ಮೂರು ಹಂತಗಳಾಗಿ ವಿಂಗಡಿಸಿತು. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ 2018ರಲ್ಲಿ ದಿನಾಂಕವಾರು ದರಕ್ಕೆ ಬದಲಾಯಿತು. ಬೇರೆ ಹಲವು ಪಾರ್ಕ್‌ಗಳಲ್ಲೂ ಈಗ ಇದೇ ರೀತಿ. ಬೆಲೆ ಏರಿಸುವ ಉಪಾಯ ಎಂದು ಇದನ್ನು ಬೈಯುವವರಿದ್ದಾರೆ. ನನಗೆ ಇದರಿಂದ ಉಪಕಾರವೇ ಆಯಿತು. ಯಾವ ದಿನ ಎಷ್ಟು ಜನ ಬರುತ್ತಾರೆ ಎಂಬುದು ಪಾರ್ಕ್ ನಡೆಸುವವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ. ಆ ಅಂದಾಜನ್ನೇ ಅವರು ದರದ ಕ್ಯಾಲೆಂಡರ್‌ನಲ್ಲಿ ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿದ್ದಾರೆ. ದರ ಕಡಿಮೆ ಇರುವ ದಿನ ಸಾಲೂ ಚಿಕ್ಕದು. ಒಂದೇ ಆಯ್ಕೆಯಲ್ಲಿ ಹಣವೂ ಉಳಿಯುತ್ತದೆ, ರೈಡ್‌ಗಳೂ ಹೆಚ್ಚುತ್ತವೆ.

ಆದರೆ ಅತಿ ಅಗ್ಗದ ವಾರವನ್ನು ನಾನು ಆರಿಸಲಿಲ್ಲ. ಜನ ಕಡಿಮೆ ಇರುವ ದಿನಗಳಲ್ಲಿಯೇ ಪಾರ್ಕ್‌ನವರು ರೈಡ್‌ಗಳನ್ನು ದುರಸ್ತಿಗೆ ನಿಲ್ಲಿಸುತ್ತಾರೆ, ಬಾಗಿಲನ್ನೂ ಬೇಗ ಹಾಕುತ್ತಾರೆ. ದುರಸ್ತಿಯ ಪಟ್ಟಿ ನೋಡಿದಾಗ ಮಗಳು ಮೂರು ವರ್ಷಗಳಿಂದ ಕಾದಿದ್ದ ಅದೇ ರೋಲರ್ ಕೋಸ್ಟರ್ ಆ ವಾರ ನಿಂತಿರುತ್ತದೆ ಎಂದು ಗೊತ್ತಾಯಿತು. ಮುಂದಿನ ವಾರದ ಮಂಗಳವಾರಕ್ಕೆ ಬದಲಿಸಿದೆ. ಟಿಕೆಟ್ ಸಾಲಿನಲ್ಲಿ ಎರಡು ಪಾಲು ಹೆಚ್ಚಾಯಿತು, ಊಟದ ಸಾಲಿನಿಂದ ತೆಗೆದೆ.

ಎರಡು ದಿನದ ಟಿಕೆಟ್‌ನ ಆಸೆಯೂ ಇತ್ತು, ಎರಡನೇ ದಿನದ ದರ ಬಹಳ ಕಡಿಮೆ. ಆದರೆ ಐದು ಜನರಿಗೆ ಇನ್ನೊಂದು ರಾತ್ರಿಯ ಕೊಠಡಿ ಮತ್ತು ಇನ್ನೊಂದು ದಿನದ ಊಟ ಸೇರಿಸಿದರೆ ಮೊತ್ತ ನೂರನ್ನು ದಾಟಿ ಬಹಳ ಮುಂದೆ ಹೋಗುತ್ತಿತ್ತು. ಒಂದೇ ದಿನ ಸಾಕು ಎಂದುಕೊಂಡೆವು. ವಸತಿಯನ್ನು ಬಾಗಿಲಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿದೆವು. ದೂರದ ಕೊಠಡಿಗೆ ಬಾಡಿಗೆ ಕಡಿಮೆ ನಿಜ, ಆದರೆ ಹೋಗಿ ಬರುವ ವಾಹನ ಮತ್ತು ನಿಲುಗಡೆಯ ಶುಲ್ಕ ಸೇರಿದರೆ ಹತ್ತಿರದ್ದೇ ಅಗ್ಗ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿತ್ತು.

ಹೊರಡುವ ಮೊದಲು ಮಕ್ಕಳ ಎತ್ತರ ಅಳೆಯುವುದು ನನ್ನ ಪ್ರಕಾರ ಟಿಕೆಟ್ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ. ಬೂಟು ಹಾಕಿಸಿ, ಗೋಡೆಗೆ ನಿಲ್ಲಿಸಿ, ಪೆನ್ಸಿಲ್ ಗೆರೆ ಹಾಕಿದೆ. ಮಗಳು 137, ಮಗ 108. ಅಮೆರಿಕದ ಪಾರ್ಕ್‌ಗಳಲ್ಲಿ ಕನಿಷ್ಠ ಎತ್ತರ ಸಾಮಾನ್ಯವಾಗಿ 40, 44, 48 ಇಂಚು ಎಂದಿರುತ್ತದೆ, ಅಂದರೆ 102, 112, 122 ಸೆಂಟಿಮೀಟರ್. ನಾವು ಹೋಗುವ ಪಾರ್ಕ್‌ನಲ್ಲೂ ಹೆಚ್ಚುಕಡಿಮೆ ಇವೇ ಹಂತಗಳಿದ್ದವು. ಪ್ರತಿ ರೈಡ್‌ನ ಎತ್ತರದ ನಿಯಮವನ್ನು ಪಾರ್ಕ್‌ನವರೇ ಪ್ರಕಟಿಸುತ್ತಾರೆ. ಅದನ್ನು ಮುಂದಿಟ್ಟುಕೊಂಡು ಮಗನಿಗೆ ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಮನೆಯಲ್ಲೇ ಹೇಳಿದೆ. ಐದು ವರ್ಷದ ಹುಡುಗ. ಅರ್ಧ ಗಂಟೆ ಮುಖ ಊದಿಸಿಕೊಂಡು ಕೂತ, ಆಮೇಲೆ ತನ್ನ ರೈಡ್‌ಗಳಿಗೆ ತಾನೇ ನಂಬರ್ ಹಾಕಿದ. ಆ ಅರ್ಧ ಗಂಟೆ ಮನೆಯಲ್ಲೇ ಕಳೆದುಹೋದದ್ದು ಎಷ್ಟು ಒಳ್ಳೆಯದಾಯಿತು ಎಂಬುದು ಸಾಲಿನ ತುದಿಯಲ್ಲಿ ಅಳುವ ಮಗುವನ್ನು ಎತ್ತಿಕೊಂಡು ಹೊರಬಂದವರಿಗೆ ಗೊತ್ತು. ಟಿಕೆಟ್‌ಗೂ ಈ ಅಳತೆ ಬೇಕು. ಮಕ್ಕಳ ದರವನ್ನು ಕೆಲವು ಪಾರ್ಕ್‌ಗಳು ವಯಸ್ಸಿನ ಮೇಲೆ, ಕೆಲವು ಎತ್ತರದ ಮೇಲೆ ನಿಗದಿ ಮಾಡುತ್ತವೆ.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರು ರೈಡ್ ಹತ್ತುವುದಿಲ್ಲ. 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೆ ಬೇರೆ, ರೈಡ್‌ಗಳಿಗೆ ಬೇರೆ ಹಣ ಕೊಡಬೇಕಿತ್ತು. ಮುಂದೆ ರೈಡ್‌ಗಳನ್ನು ದರ್ಜೆಗಳಾಗಿ ವಿಂಗಡಿಸಿ ಕೂಪನ್ ಪುಸ್ತಕಗಳನ್ನು ಮಾರುತ್ತಿದ್ದರು. 1959ರಿಂದ ‘ಇ’ ಕೂಪನ್ ಎಂದರೆ ಅತ್ಯುತ್ತಮ ರೈಡ್‌ಗಳದು. 1982ರಲ್ಲಿ ಆ ಪದ್ಧತಿ ಮುಗಿಯಿತು. ಇಂದು ಹೆಚ್ಚಿನ ದೊಡ್ಡ ಪಾರ್ಕ್‌ಗಳಲ್ಲಿ ಒಂದೇ ಟಿಕೆಟ್‌ನಲ್ಲಿ ಎಲ್ಲವೂ ಸೇರಿರುತ್ತದೆ, ಆದ್ದರಿಂದ ಬೆಂಚಿನ ಮೇಲೆ ಕೂರುವವರೂ ಅಷ್ಟೇ ಹಣ ತೆರಬೇಕು. ಹಿರಿಯರಿಗೆ ರಿಯಾಯಿತಿ ಇದ್ದರೆ ಸ್ವಲ್ಪ ಕಡಿಮೆ. ಅತ್ತೆಯವರೇ ಈ ಮಾತು ತೆಗೆದರು: “ನಾನು ಕೊಠಡಿಯಲ್ಲೇ ಇರುತ್ತೇನಮ್ಮ, ಒಂದು ಟಿಕೆಟ್ ಉಳಿಯುತ್ತದೆ.” ನೂರರಲ್ಲಿ ಎಂಟು ಪಾಲು ಉಳಿಯುತ್ತಿತ್ತು. ಪತಿಯೂ ನಾನೂ ಬಹಳ ಹೊತ್ತು ಮಾತನಾಡಿದೆವು. ಮೊದಲ ಸಲ ಅವರು ನಿದ್ದೆ ಹೋದ ಎರಡು ವರ್ಷದ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಇಡೀ ಮಧ್ಯಾಹ್ನ ಕೂತಿದ್ದರು, ಅವರಿಗಾಗಿ ನಾವು ಏನನ್ನೂ ಯೋಚಿಸಿರಲಿಲ್ಲ. ಈ ಸಲ ಪ್ರದರ್ಶನಗಳ ವೇಳಾಪಟ್ಟಿ ತೆಗೆದು ಅವರ ಮುಂದಿಟ್ಟೆ. ಸಂಗೀತದ ಪ್ರದರ್ಶನ, ಪಾರ್ಕ್ ಸುತ್ತುವ ಪುಟ್ಟ ರೈಲು, ಸಂಜೆಯ ಮೆರವಣಿಗೆ ಎಂದು ಮೂರನ್ನು ಗುರುತಿಸಿದರು. ಆ ಮೂರರ ಸಮಯವನ್ನು ಮೊದಲು ಬರೆದುಕೊಂಡು, ಉಳಿದ ರೈಡ್‌ಗಳನ್ನು ಅವುಗಳ ಸುತ್ತ ಹೊಂದಿಸಿದೆ. ಎಂಟು ಪಾಲು ಉಳಿಸದೆ ಇದ್ದದ್ದು ಈ ಪ್ರವಾಸದಲ್ಲಿ ನಾವು ತೆಗೆದುಕೊಂಡ ಅತ್ಯಂತ ಸರಿಯಾದ ತೀರ್ಮಾನ.

ಇನ್ನು ಸಾಲಿನ ಲೆಕ್ಕ. ಹಣ ಉಳಿಯುವುದೂ ಸೋರುವುದೂ ಇಲ್ಲೇ ಎಂದು ನಾನು ನಂಬಿದ್ದೇನೆ. ಒಂದು ರೋಲರ್ ಕೋಸ್ಟರ್‌ನ ಬಂಡಿಯಲ್ಲಿ 24 ಜನ ಕೂರುತ್ತಾರೆ, ತೊಂಬತ್ತು ಸೆಕೆಂಡಿಗೊಂದು ಬಂಡಿ ಹೊರಡುತ್ತದೆ ಎಂದುಕೊಳ್ಳಿ. ಗಂಟೆಗೆ 40 ಬಂಡಿ, 960 ಜನ. ನಿಮ್ಮ ಮುಂದೆ 480 ಜನರಿದ್ದರೆ ಅರ್ಧ ಗಂಟೆ. ಸಾಲಿನ ಉದ್ದ, ಜನ ಬರುವ ವೇಗ, ಕಾಯುವ ಸಮಯ ಇವುಗಳ ನಡುವಿನ ಈ ಸಂಬಂಧವನ್ನು ಜಾನ್ ಲಿಟಲ್ ಎಂಬವರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಅದಕ್ಕೆ ಅವರ ಹೆಸರೇ ಇದೆ. ನನಗೆ ಇದರಿಂದ ಸಿಕ್ಕಿದ ವಿವೇಕ ಇಷ್ಟು: ಸಾಲು ಚಿಕ್ಕದಾಗಿ ಕಂಡಿತೆಂದು ಓಡಬಾರದು, ಆ ರೈಡ್ ಗಂಟೆಗೆ ಎಷ್ಟು ಜನರನ್ನು ನುಂಗುತ್ತದೆ ಎಂದು ನೋಡಬೇಕು. ಪುಟ್ಟ ಮಕ್ಕಳು ಕೂತು ಗಿರಗಿರ ತಿರುಗುವ ರೈಡ್‌ಗಳಲ್ಲಿ ಜಾಗ ಕಡಿಮೆ. ಹತ್ತಿಸಿ, ಪಟ್ಟಿ ಬಿಗಿದು, ತಿರುಗಿಸಿ, ಇಳಿಸುವವರೆಗೆ ಸಾಲು ಅಲುಗುವುದಿಲ್ಲ. ದೊಡ್ಡ ದೋಣಿ ರೈಡ್‌ಗಳಲ್ಲಿ ಸಾಲು ಎಷ್ಟು ಉದ್ದವಿದ್ದರೂ ಹರಿಯುತ್ತಲೇ ಇರುತ್ತದೆ.

ಆದ್ದರಿಂದ ನಾವು ಮಾಡಿದ್ದು ಹೀಗೆ. ಬಾಗಿಲು ತೆರೆಯುವ ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಂತೆವು. ಒಳಗೆ ಬಿಟ್ಟ ತಕ್ಷಣ ಎಲ್ಲರೂ ಅತಿ ದೊಡ್ಡ ಕೋಸ್ಟರ್ ಕಡೆಗೆ ಓಡಿದರು. ನಾನು ಮಗನೊಂದಿಗೆ ಅವನ ತಿರುಗುವ ರೈಡ್‌ಗೆ, ಪತಿ ಮಗಳೊಂದಿಗೆ ನಿಧಾನವಾಗಿ ಸಾಗುವ ಇನ್ನೊಂದಕ್ಕೆ. ಮೊದಲ ಒಂದೂವರೆ ಗಂಟೆಯಲ್ಲಿ ನಾಲ್ಕು ರೈಡ್ ಮುಗಿದವು, ಅಂದರೆ ಹಿಂದಿನ ಸಲದ ಇಡೀ ದಿನದ್ದು. ಹನ್ನೊಂದೂಕಾಲಕ್ಕೆ ಊಟ. ಉಳಿದವರಿಗೆ ಹಸಿವಾಗುವ ಮೊದಲೇ ಉಂಡರೆ ಊಟದ ಸಾಲಿನಲ್ಲಿ ನಿಲ್ಲಬೇಕಿಲ್ಲ. ಹೊರಗಿನ ಆಹಾರದ ನಿಯಮ ಪ್ರತಿ ಪಾರ್ಕ್‌ಗೆ ಬೇರೆ, ಅದನ್ನು ಮೊದಲೇ ಓದಿಕೊಳ್ಳಬೇಕು. ನಮಗೆ ನೀರಿನ ಬಾಟಲಿಗೆ ಮಾತ್ರ ಅನುಮತಿ ಇತ್ತು, ದಿನವಿಡೀ ಅವನ್ನೇ ತುಂಬಿಸಿಕೊಂಡೆವು. ನಡುಮಧ್ಯಾಹ್ನ, ಸಾಲುಗಳು ಅತಿ ಉದ್ದವಾಗುವ ಹೊತ್ತಿನಲ್ಲಿ, ಅತ್ತೆಯವರ ಸಂಗೀತ ಪ್ರದರ್ಶನ. ತಂಪಾದ ಸಭಾಂಗಣ, ಎಲ್ಲರಿಗೂ ಆಸನ. ಮಗ ಅಲ್ಲೇ ಒಂದು ನಿದ್ದೆ ಮುಗಿಸಿದ.

ಮಗನಿಗೆ ಸಿಗದ ರೈಡ್‌ಗಳಿಗೆ ಪಾಲಕರ ಅದಲುಬದಲು ವ್ಯವಸ್ಥೆ ಬಳಸಿದೆವು. ಒಬ್ಬರು ಸಾಲಿನಲ್ಲಿ ನಿಂತು ಹೋಗಿ ಬರುತ್ತಾರೆ, ಅಷ್ಟರವರೆಗೆ ಇನ್ನೊಬ್ಬರು ಮಗುವಿನ ಜೊತೆ ಹೊರಗಿರುತ್ತಾರೆ. ಆಮೇಲೆ ಅವರು ಮತ್ತೆ ಸಾಲು ಹಿಡಿಯದೆ ಹತ್ತಬಹುದು. ಹಲವು ಪಾರ್ಕ್‌ಗಳಲ್ಲಿ ಈ ಸೌಲಭ್ಯವಿದೆ, ಇದಕ್ಕೆ ಪ್ರತ್ಯೇಕ ಶುಲ್ಕವಿರಲಿಲ್ಲ. ಬಾಗಿಲಲ್ಲಿರುವ ಸಿಬ್ಬಂದಿಯನ್ನು ಮೊದಲೇ ಕೇಳಬೇಕು, ಅವರಾಗಿ ಹೇಳುವುದಿಲ್ಲ. ನಮ್ಮಲ್ಲಿ ಎರಡನೇ ಸುತ್ತಿಗೆ ಒಬ್ಬರನ್ನು ಜೊತೆಗೆ ಕರೆದೊಯ್ಯಲು ಬಿಟ್ಟರು, ಹಾಗಾಗಿ ಮಗಳಿಗೆ ಎರಡು ರೈಡ್‌ಗಳು ಎರಡೆರಡು ಸಲ ಸಿಕ್ಕವು.

ಹಣ ಕೊಟ್ಟು ಸಾಲು ತಪ್ಪಿಸುವ ಪಾಸ್ ಕೊಳ್ಳಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಡಿಸ್ನಿ ಪಾರ್ಕ್‌ಗಳಲ್ಲಿ 1999ರಲ್ಲಿ ಬಂದ ಫಾಸ್ಟ್‌ಪಾಸ್‌ಗೆ ಶುಲ್ಕವಿರಲಿಲ್ಲ. 2021ರಲ್ಲಿ ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಅದರ ಜಾಗಕ್ಕೆ ಹಣ ಕೊಡಬೇಕಾದ ವ್ಯವಸ್ಥೆ ಬಂತು. ಐದು ಜನರಿಗೂ ದಿನದ ಪಾಸ್ ಕೊಂಡಿದ್ದರೆ ನಮ್ಮ ಯೋಜನೆಯೇ ಕುಸಿಯುತ್ತಿತ್ತು. ಹಾಗಾಗಿ ಒಂದೇ ರೈಡ್‌ಗೆ, ಮಗಳಿಗೂ ಪತಿಗೂ ಮಾತ್ರ ಕೊಂಡೆವು. ಅದೇ ಕೋಸ್ಟರ್. ಮುಟ್ಟದೆ ಇಟ್ಟಿದ್ದ ಎಂಟು ಪಾಲಿನಲ್ಲಿ ಮೂರು ಹೋಯಿತು. ಅಳತೆಗೋಲಿನ ಮುಂದೆ ಅವಳು ಅಗತ್ಯವಿಲ್ಲದಿದ್ದರೂ ನಿಂತು, ತಲೆಯ ಮೇಲೆ ಕೈ ಇಟ್ಟು ನೋಡಿಕೊಂಡು ಹೋದಳಂತೆ.

ಮೂರು ಗಂಟೆಗೆ ಮಳೆ ಬಂತು. ಸಿಡಿಲಿನ ಭಯಕ್ಕೆ ಹೊರಾಂಗಣ ರೈಡ್‌ಗಳನ್ನೆಲ್ಲ ನಿಲ್ಲಿಸಿದರು. ಬಹಳಷ್ಟು ಜನ ಬೇಸತ್ತು ಹೊರಟುಹೋದರು. ಮನೆಯಿಂದ ತಂದ ಮಳೆ ಅಂಗಿ ಹಾಕಿಕೊಂಡು ನಾವು ರೈಲು ನಿಲ್ದಾಣದ ಮಾಡಿನ ಕೆಳಗೆ ಕಾದೆವು. ಮುಕ್ಕಾಲು ಗಂಟೆಯಲ್ಲಿ ಆಕಾಶ ತಿಳಿಯಾಯಿತು, ಮುಂದಿನ ನಲವತ್ತು ನಿಮಿಷದಲ್ಲಿ ಮೂರು ರೈಡ್ ಸಿಕ್ಕವು.

ಮಕ್ಕಳ ಮೂರು ಪಾಲನ್ನು ಬೆಳಿಗ್ಗೆಯೇ ಎರಡು ಲಕೋಟೆಗಳಲ್ಲಿ ಹಾಕಿ ಕೊಟ್ಟಿದ್ದೆ. ಮಗ ಕೇಳಿದ, “ಅಮ್ಮ, ಇದು ಮುಗಿದರೆ ಇನ್ನೊಂದು ಕೊಡುತ್ತೀಯಾ?” ಇಲ್ಲ ಎಂದೆ. ಅಂಗಡಿಯ ಮುಂದೆ ಹಾಯುವಾಗಲೆಲ್ಲ ಲಕೋಟೆ ತೆರೆದು ನೋಡುತ್ತಿದ್ದ, ಮತ್ತೆ ಮಡಚುತ್ತಿದ್ದ. ಸಂಜೆ ಒಂದು ಚಿಕ್ಕ ಟೋಪಿ ಕೊಂಡ. ಮಗಳು ಅರ್ಧವನ್ನು ವಾಪಸ್ ತಂದಳು. ಹಿಂದಿನ ಸಲ ಅಂಗಡಿಗಳ ಮುಂದೆ ನಡೆದ ಜಗ್ಗಾಟ ಈ ಸಲ ಒಂದೂ ನಡೆಯಲಿಲ್ಲ.

ರಾತ್ರಿಯ ಪ್ರಯಾಣದಲ್ಲಿ ಎಲ್ಲರೂ ಮಲಗಿದ ಮೇಲೆ ಡೈರಿ ತೆಗೆದೆ. ಹತ್ತಿದ ರೈಡ್‌ಗಳು, ಅದಲುಬದಲಿನ ಎರಡನೇ ಸುತ್ತುಗಳನ್ನು ಬಿಟ್ಟು, ಹನ್ನೊಂದು. ಒಂದು ರೈಡ್‌ಗೆ ಬಿದ್ದದ್ದು ಹಳೆಯ ಚೌಕದೊಳಗಿನ ಅಂಕಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಐದು ಪಾಲು ಕೈಯಲ್ಲಿ ಉಳಿದಿತ್ತು. ಪುಟ್ಟ ರೈಲಿನಲ್ಲಿ ಅತ್ತೆಯವರು ಎರಡು ಸಲ ಸುತ್ತಿದ್ದರು, ಅದನ್ನು ಬೇರೆಯಾಗಿ ಬರೆದೆ.

ಕಳೆದ ವಾರ ಮಗ ತಾನೇ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ. 113 ಆಗಿದ್ದಾನೆ. ಅವನ ಪಟ್ಟಿಗೆ ಈಗ ಎರಡು ರೈಡ್ ಸೇರುತ್ತವೆ, ಅದಲುಬದಲಿನ ಲೆಕ್ಕ ಬದಲಾಗುತ್ತದೆ. ಹೊಸ ಪಟ್ಟಿಯನ್ನು ಮಗಳು ಬರೆಯುತ್ತಿದ್ದಾಳೆ. ರೈಲಿನ ಸಮಯವನ್ನು ಮೊದಲ ಸಾಲಿನಲ್ಲೇ ಹಾಕಿದ್ದಾಳೆ.