ಲಕೋಟೆ ಇಲ್ಲದೆ ಆನ್‌ಲೈನ್ ಹುಟ್ಟುಹಬ್ಬ ಮಾಡಬೇಡಿ

ಕಳೆದ ತಿಂಗಳು ಮತ್ತೊಂದು ಆನ್‌ಲೈನ್ ಹುಟ್ಟುಹಬ್ಬ ನೋಡಿದೆ. ನೋಡಿದೆ ಎನ್ನುವುದಕ್ಕಿಂತ ಸಹಿಸಿಕೊಂಡೆ ಎನ್ನಬೇಕು. ಹದಿಮೂರು ತುಂಬಿದ ಹುಡುಗ ನಡುವೆ ಬೊಂಬೆಯಂತೆ ಕೂತಿದ್ದಾನೆ. ಪರದೆಯ ತುಂಬ ಮೂವತ್ತು ಚಿಲ್ಲರೆ ಮುಖಗಳು, ಅವುಗಳಲ್ಲಿ ಅರ್ಧಕ್ಕರ್ಧ ಬರೀ ಹಣೆ. "ನಾನು ಕಾಣುತ್ತಿದ್ದೇನೆಯೇ? ಕೇಳಿಸುತ್ತಿದೆಯೇ?" ಎನ್ನುವುದರಲ್ಲೇ ಹತ್ತು ನಿಮಿಷ ಹೋಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಹಾಡಿದರು. ಅದನ್ನು ಹಾಡು ಎಂದರೆ ಹಾಡಿಗೇ ಬೇಸರವಾದೀತು. ಅವನ ಗೆಳೆಯರು ಐದಾರು ಮಂದಿ ಮೂಲೆಯ ಚೌಕಗಳಲ್ಲಿ ಕ್ಯಾಮೆರಾ ಆರಿಸಿಕೊಂಡು ಮತ್ತೇನನ್ನೋ ಆಡುತ್ತಿದ್ದರು. ಅವರದೇನು ತಪ್ಪು? ದಿನವಿಡೀ ಪರದೆಯ ಮುಂದೆ ಪಾಠ ಕೇಳಿದ ಮಕ್ಕಳನ್ನು ಮತ್ತೊಂದು ಪಾಠಕ್ಕೆ ಕೂರಿಸಿದರೆ ಇನ್ನೇನು ಮಾಡಿಯಾರು?

ಮೊದಲನೆಯ ತಪ್ಪು ಅಲ್ಲೇ ಆಗುತ್ತದೆ. ನೆಂಟರನ್ನೂ ಗೆಳೆಯರನ್ನೂ ಒಂದೇ ಕರೆಗೆ ತುಂಬುತ್ತೀರಿ. ಹತ್ತು ದಾಟಿದ ಮಗು ದೊಡ್ಡಪ್ಪನ ಮುಂದೆ ಬೇರೆ, ಗೆಳೆಯರ ಮುಂದೆ ಬೇರೆ. ಇಬ್ಬರೂ ಒಟ್ಟಿಗಿದ್ದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಹಿರಿಯರಿಗೆ ಬೆಳಿಗ್ಗೆಯೇ ಹದಿನೈದು ನಿಮಿಷದ ಬೇರೆ ಕರೆ ಇಟ್ಟುಬಿಡಿ. ಆಶೀರ್ವಾದ, ಎಷ್ಟು ಎತ್ತರ ಬೆಳೆದೆ ಎನ್ನುವ ಮಾತು, ಓದಿನ ವಿಚಾರಣೆ, ಎಲ್ಲವೂ ಅಲ್ಲೇ ಮುಗಿಯಲಿ. ಸಂಜೆ ಗೆಳೆಯರದು. ಅದಕ್ಕೆ ನೀವೂ ಅತಿಥಿಯಲ್ಲ, ಬಾಗಿಲು ಕಾಯುವವರು ಮಾತ್ರ.

ಯಾರನ್ನು ಕರೆಯಬೇಕು, ಏನು ಆಡಬೇಕು ಎಂದು ಮಗುವನ್ನೇ ಕೇಳಿ. ಆರು, ಏಳು, ಬಹಳವೆಂದರೆ ಎಂಟು ಮಕ್ಕಳು ಸಾಕು. ಮನೆಯಂಗಳದಲ್ಲಿ ಇಪ್ಪತ್ತು ಮಕ್ಕಳು ನಾಲ್ಕು ಗುಂಪಾಗಿ ನಾಲ್ಕು ಮಾತಾಡಬಹುದು, ವಿಡಿಯೋ ಕರೆಯಲ್ಲಿ ಒಂದು ಹೊತ್ತಿಗೆ ಒಂದೇ ದನಿ ಕೇಳುತ್ತದೆ. ಒಂದೂವರೆ ಗಂಟೆಗಿಂತ ಹೆಚ್ಚು ಎಳೆಯಬೇಡಿ. ಜೂಮ್‌ನಲ್ಲಿ ಹಣ ಕಟ್ಟದೆ ಕರೆ ಮಾಡಿದರೆ 40 ನಿಮಿಷ, ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಮಂದಿ ಇದ್ದರೆ 60 ನಿಮಿಷ. ಇದಕ್ಕೆ ಗೊಣಗುವುದೇಕೆ? ಕರೆಗೆ ಸೇರುವ ಎರಡು ಕೊಂಡಿಗಳನ್ನು (ಲಿಂಕ್) ಮೊದಲೇ ಮಾಡಿಟ್ಟು, ನಡುವೆ ಹತ್ತು ನಿಮಿಷ ಎಲ್ಲರೂ ಎದ್ದು ಓಡಾಡಿ, ತಿನ್ನಲು ಏನಾದರೂ ತಂದುಕೊಳ್ಳಲಿ. ಕಣ್ಣಿಗೂ ಬಿಡುವು.

ಹಾಡಿನ ವಿಷಯ ಒಮ್ಮೆ ಹೇಳಿ ಮುಗಿಸುತ್ತೇನೆ, ಪ್ರತಿ ಸಲ ಹೇಳಿ ಸಾಕಾಗಿದೆ. ಒಬ್ಬರ ದನಿ ಇನ್ನೊಬ್ಬರನ್ನು ಮುಟ್ಟಲು ಸೆಕೆಂಡಿನ ಹತ್ತರಲ್ಲಿ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ತಾಳ ಸೇರಿಸಿ ಹಾಡುವವರಿಗೆ ಅದರ ಕಾಲು ಭಾಗದ ತಡವೂ ಹೆಚ್ಚೇ. ಅದರ ಮೇಲೆ ಈ ಆ್ಯಪ್‌ಗಳು ಗದ್ದಲವೆಂದುಕೊಂಡು ಕೆಲವು ದನಿಗಳನ್ನು ಅಡಗಿಸಿಬಿಡುತ್ತವೆ. ಆದ್ದರಿಂದ ಒಬ್ಬರು ಹಾಡಲಿ, ಉಳಿದವರು ಮೈಕ್ ಮುಚ್ಚಿಕೊಂಡು ಚಪ್ಪಾಳೆ ತಟ್ಟುತ್ತ ಬಾಯಾಡಿಸಲಿ. ಹುಟ್ಟುಹಬ್ಬದ ಮಗುವಿಗೆ ಎಲ್ಲರೂ ಹಾಡಿದಂತೆಯೇ ಕಾಣುತ್ತದೆ.

ಹಿಂದಿನ ದಿನವೇ ಒಮ್ಮೆ ಎಲ್ಲವನ್ನೂ ನಡೆಸಿ ನೋಡಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಇದ್ದಿಲಾಗುತ್ತದೆ, ಎದುರಿಗಿರಲಿ. ಒಂದೇ ಕೋಣೆಯಲ್ಲಿ ಎರಡು ಫೋನುಗಳಿಂದ ಕರೆಗೆ ಸೇರಿದರೆ ಕಿವಿ ಸೀಳುವ ಕೂಗು ಏಳುತ್ತದೆ, ಒಂದರ ಮೈಕನ್ನೂ ಸ್ಪೀಕರನ್ನೂ ಮುಚ್ಚಿ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಕರೆಯ ಹೊತ್ತಿಗೆ ಮೈಕ್ರೋವೇವ್ ಓವನ್ ಹಚ್ಚಬೇಡಿ. ಅದೂ ಅದೇ ಅಲೆಯ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ ಚಿತ್ರ ನಿಂತು ನಿಂತು ಬರುತ್ತದೆ. ಫೋನಿನ ಕ್ಯಾಮೆರಾ ಒರೆಸಿ. ಸೆರಗಿನಿಂದಲ್ಲ, ಒಗೆದು ಮೆತ್ತಗಾದ ಹತ್ತಿ ಬಟ್ಟೆಯಿಂದ.

ಇನ್ನು ನನ್ನ ಲಕೋಟೆಗೆ ಬರುತ್ತೇನೆ. ಇದನ್ನು ಮಾಡದಿದ್ದರೆ ಮೇಲೆ ಹೇಳಿದ್ದೆಲ್ಲ ಮಾಡಿಯೂ ನೀರಸವೇ.

ನನಗೆ ಹನ್ನೊಂದು ತುಂಬುವ ವರ್ಷ ದೂರದಲ್ಲಿ ಓದುತ್ತಿದ್ದ ಅಣ್ಣ ಅಂಚೆಯಲ್ಲಿ ಒಂದು ಲಕೋಟೆ ಕಳುಹಿಸಿದ್ದ. ಮೇಲೆ "ಹುಟ್ಟಿದ ದಿನವೇ ತೆರೆ" ಎಂದು ಬರೆದಿದ್ದ. ಅದು ಬಂದದ್ದು ಒಂಬತ್ತು ದಿನ ಮುಂಚೆ. ಬೆಳಿಗ್ಗೆ ಎದ್ದರೆ ಅದನ್ನು ಅಲ್ಲಾಡಿಸಿ ಕೇಳುವುದು, ಬೆಳಕಿಗೆ ಹಿಡಿಯುವುದು, ದಿಂಬಿನ ಕೆಳಗೆ ಇಟ್ಟು ಮಲಗುವುದು. ನಾಲ್ಕನೆಯ ದಿನ ತಡೆಯಲಾಗದೆ ಕುದಿಯುವ ನೀರಿನ ಆವಿಗೆ ಹಿಡಿದು ಅಂಟು ಬಿಡಿಸಿ, ನೋಡಿ, ಮತ್ತೆ ಅಂಟಿಸಿಟ್ಟೆ. ರಜೆಗೆ ಬಂದ ಅಣ್ಣ ಮೊದಲು ಕೇಳಿದ್ದೇ ಲಕೋಟೆ ಎಲ್ಲಿ ಎಂದು. ಮುಚ್ಚಳದ ಅಂಚನ್ನು ಹಾಯ್ದುಹೋಗುವಂತೆ ಶಾಯಿ ಪೆನ್ನಿನಲ್ಲಿ ಒಂದು ಸುರುಳಿ ಗೆರೆ ಎಳೆದಿದ್ದನಂತೆ. ಆವಿಗೆ ಶಾಯಿ ಹರಡಿತ್ತು, ನಾನು ಅಂಟಿಸಿದ ಮೇಲೆ ಗೆರೆಯ ಎರಡು ತುದಿಗಳೂ ಕೂಡಿರಲಿಲ್ಲ. "ಇನ್ನೂ ಐದು ದಿನದ ಸುಖ ಕೆಡಿಸಿಕೊಂಡೆಯಲ್ಲೇ" ಎಂದು ನಕ್ಕ. ಬೈದಿದ್ದರೆ ವಾಸಿಯಿತ್ತು.

ಆ ಸುಖವನ್ನೇ ಈಗಿನ ಮಕ್ಕಳಿಗೆ ಕಳುಹಿಸಬೇಕು. ಬರುವ ಪ್ರತಿ ಮಗುವಿನ ಮನೆಗೆ ಒಂದೊಂದು ಮುಚ್ಚಿದ ಲಕೋಟೆ, ಪಾರ್ಟಿಯ ನಡುವೆ ಎಲ್ಲರೂ ಕ್ಯಾಮೆರಾ ಮುಂದೆ ಒಟ್ಟಿಗೆ ಒಡೆಯುವಂಥದು. ಒಳಗೆ ಒಂದು ಚಿತ್ರದ ಒಂದು ಚೂರು, ಅದರ ಹಿಂಬದಿಯಲ್ಲಿ ಒಂದು ಪದ. ಚೂರುಗಳೆಲ್ಲ ಸೇರಿದರೆ ಹುಟ್ಟುಹಬ್ಬದ ಮಗುವಿನ ಉಡುಗೊರೆ ಅದರ ಮನೆಯಲ್ಲೇ ಎಲ್ಲಿ ಅಡಗಿದೆ ಎಂದು ತಿಳಿಯಬೇಕು. ಗುಟ್ಟು ಗೆಳೆಯರ ಕೈಯಲ್ಲಿ, ಹುಡುಕಾಟ ನಿಮ್ಮ ಮನೆಯಲ್ಲಿ.

ಚಿತ್ರಕ್ಕೆ ಗೆಳೆಯರೆಲ್ಲ ಇರುವ ಗುಂಪು ಫೋಟೋ ಆರಿಸಿ. ದಯವಿಟ್ಟು ಮಗು ಬರಿಮೈಯಲ್ಲಿ ತೆವಳುತ್ತಿರುವ ಫೋಟೋ ಬೇಡ. ನಿಮಗದು ಮುದ್ದು, ಹದಿಮೂರರವರಿಗೆ ವರ್ಷವಿಡೀ ಗೆಳೆಯರ ನಗೆಪಾಟಲು. ದಪ್ಪ ಕಾಗದದ ಮೇಲೆ ಎ4 ಅಳತೆಯಲ್ಲಿ ಮುದ್ರಿಸಿ. ತೆಳು ಕಾಗದವಾದರೆ ಹಿಂದೆ ಬರೆದದ್ದು ಮುಂದೆ ಇಣುಕುತ್ತದೆ. ಎಂಟು ಮಕ್ಕಳಿದ್ದರೆ ಎರಡು ಸಾಲು, ಸಾಲಿಗೆ ನಾಲ್ಕರಂತೆ ಎಂಟು ಚೂರು. ಅಂಚುಗಳು ಸ್ವಲ್ಪ ಡೊಂಕಾಗಿದ್ದರೆ ಚೆನ್ನ. ಕತ್ತರಿಸುವಾಗ ಕಾಗದದ ಕತ್ತರಿಯನ್ನೇ ತೆಗೆದುಕೊಳ್ಳಿ. ಬಟ್ಟೆ ಕತ್ತರಿಸುವ ಕತ್ತರಿಯಿಂದ ಕಾಗದ ಮುಟ್ಟಿದರೆ ಅದರ ಬಾಯಿ ಮೊಂಡಾಗಿ, ಮುಂದಿನ ಸಲ ರವಿಕೆಯ ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯುತ್ತದೆ. ನಮ್ಮ ಮನೆಯಲ್ಲಿ ಬಟ್ಟೆಯ ಕತ್ತರಿಯ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ಆದರೂ ಯಾರೂ ನೋಡುವುದಿಲ್ಲ, ಅದು ಬೇರೆ ಮಾತು.

ಈಗ ಎಚ್ಚರ. ಚೂರುಗಳ ಹಿಂಬದಿಯಲ್ಲಿ ಒಂದೊಂದು ಪದ ಬರೆಯಬೇಕಲ್ಲ, ಅದನ್ನು ಕತ್ತರಿಸಿದ ಮೇಲೆಯೇ ಬರೆಯಿರಿ. ಮೊದಲ ಸಲ ನಾನು ಜಾಣೆಯಂತೆ ಇಡೀ ಹಾಳೆಯನ್ನು ಮಗುಚಿ ಹಿಂದೆ "ಮಹಡಿಯ ಕೋಣೆಯ ಹಳೆಯ ಕಪಾಟಿನ ಕೆಳಗಿನ ಖಾನೆಯ ಕಂಬಳಿಯೊಳಗೆ ಹುಡುಕು" ಎಂದು ಸಾಲಾಗಿ ಬರೆದು ಆಮೇಲೆ ಕತ್ತರಿಸಿದೆ. ಹಾಳೆ ಮಗುಚಿದರೆ ಎಡ ಬಲವಾಗುತ್ತದೆ ಎಂಬುದು ಹೊಳೆಯಲೇ ಇಲ್ಲ. ಮಕ್ಕಳು ಚಿತ್ರದ ಪ್ರಕಾರ ಜೋಡಿಸಿ ಒಬ್ಬೊಬ್ಬರಾಗಿ ಓದಿದಾಗ ಬಂದದ್ದು "ಕಪಾಟಿನ ಹಳೆಯ ಕೋಣೆಯ ಮಹಡಿಯ, ಹುಡುಕು ಕಂಬಳಿಯೊಳಗೆ ಖಾನೆಯ ಕೆಳಗಿನ". ಮಕ್ಕಳು ಚುರುಕು, ಸಾಲು ತಿರುಗಿಸಿ ಓದಿಕೊಂಡರು. ನನ್ನ ಮಾನ ಮಾತ್ರ ಎಂಟು ಮನೆಗಳಲ್ಲಿ ಹೋಯಿತು. ಚಿತ್ರ ಮೇಲೆ ಕಾಣುವಂತೆ ಚೂರುಗಳನ್ನು ಜೋಡಿಸಿಟ್ಟು, ಎಡಗಡೆಯಿಂದ ಒಂದೊಂದನ್ನೇ ಎತ್ತಿ, ತಿರುಗಿಸಿ, ಪದ ಬರೆದು, ಮತ್ತೆ ಅಲ್ಲೇ ಇಡಿ. ದಪ್ಪ ಕಪ್ಪು ಮಾರ್ಕರ್, ಹೆಬ್ಬೆರಳಗಲದ ಅಕ್ಷರ. ಪೆನ್ಸಿಲ್ ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಮುಚ್ಚಲು ಟೇಪ್ ಹಚ್ಚಬೇಡಿ. ಟೇಪ್ ಹಚ್ಚಿದ್ದನ್ನು ತೆರೆಯಲು ಮಕ್ಕಳು ಹಲ್ಲು ಹಾಕುತ್ತಾರೆ, ಒಳಗಿನ ಚೂರೂ ಹರಿಯುತ್ತದೆ. ಎರಡು ಚಮಚ ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬಿಳಿ ಬಣ್ಣ ಹೋಗಿ ಮಂಕು ಹೊಳಪು ಬಂದಾಗ ಇಳಿಸಿ. ಚಮಚದಿಂದ ಹನಿಯಾಗಿ ಬಿದ್ದರೆ ನೀರು ಹೆಚ್ಚಾಯಿತು, ಮುದ್ದೆಯಾಗಿ ಬಿದ್ದರೆ ಕಡಿಮೆಯಾಯಿತು. ಎಳೆಯಂತೆ ಇಳಿಯಬೇಕು. ಆರಿದ ಮೇಲೆ ಬೆರಳಿನಿಂದ ತೆಳ್ಳಗೆ ಸವರಿ, ಒಂದು ರಾತ್ರಿ ಭಾರದ ಪುಸ್ತಕದ ಕೆಳಗಿಡಿ. ಬೆಳಿಗ್ಗೆ ಮುಚ್ಚಳದ ಅಂಚು ಹಾಯುವಂತೆ ಶಾಯಿ ಪೆನ್ನಿನಲ್ಲಿ ಸುರುಳಿ ಗೆರೆ. ಬಾಲ್ ಪೆನ್ ಆಗದು, ಅದರ ಶಾಯಿ ಆವಿಗೆ ಹರಡುವುದಿಲ್ಲ, ಕಳ್ಳರು ಸಿಕ್ಕಿಬೀಳುವುದಿಲ್ಲ. ಪಾರ್ಟಿಯಲ್ಲಿ ಒಡೆಯುವ ಮುಂಚೆ ಎಲ್ಲರೂ ಗೆರೆಯನ್ನು ಕ್ಯಾಮೆರಾಕ್ಕೆ ತೋರಿಸಬೇಕೆಂದು ಮೊದಲೇ ತಿಳಿಸಿರಿ. ಯಾರದಾದರೂ ಗೆರೆ ಕದಡಿದ್ದರೆ ಆ ಮಗುವಿನ ಮುಖ ನೋಡಬೇಕು! ಅದೇ ಅರ್ಧ ಪಾರ್ಟಿ.

ಎರಡು ವಾರ ಮುಂಚೆ ಕಳುಹಿಸಿ. ಪ್ರತಿ ಚೂರಿನ ಎರಡೂ ಬದಿಯ ಫೋಟೋ ನಿಮ್ಮ ಫೋನಿನಲ್ಲಿರಲಿ. ಒಂದು ಲಕೋಟೆ ತಲುಪದಿದ್ದರೆ ಆ ಮಗುವಿನ ತಾಯಿಗೆ ಆ ಫೋಟೋ ಕಳುಹಿಸಿದರಾಯಿತು. ಹುಟ್ಟುಹಬ್ಬದ ಮಗುವಿಗೂ ಒಂದು ಲಕೋಟೆ ಬೇಕು, ಅದರಲ್ಲಿ ಎಂಟು ಖಾಲಿ ಚೌಕ ಬರೆದ ಹಾಳೆ ಮತ್ತು ಒಂದು ಪೆನ್ಸಿಲ್. ಗೆಳೆಯರು ತಮ್ಮ ಚೂರಿನಲ್ಲಿ ಯಾರ ಕಿವಿ, ಯಾರ ಚೀಲ ಇದೆ ಎಂದು ಹೇಳುತ್ತ ಹೋದಂತೆ ಅದು ಯಾರ ಚೂರು ಯಾವ ಚೌಕಕ್ಕೆ ಎಂದು ಗುರುತು ಹಾಕುತ್ತದೆ. ಎಂಟೂ ತುಂಬಿದ ಮೇಲೆ ಪದಗಳನ್ನು ತಿರುಗಿಸಿ ತೋರಿಸುವುದು. ಇಲ್ಲಿ ಯಾವುದಾದರೂ ಒಂದು ಮಗು "ನನ್ನ ಅಕ್ಷರ ಉಲ್ಟಾ ಕಾಣುತ್ತಿದೆ" ಎಂದು ಕೂಗಿಯೇ ಕೂಗುತ್ತದೆ. ತನ್ನ ಚಿತ್ರ ತನಗೆ ಮಾತ್ರ ಕನ್ನಡಿಯಂತೆ ಕಾಣುವುದು, ಉಳಿದವರಿಗೆ ಸರಿಯಾಗಿಯೇ ಇದೆ ಎಂದು ಹೇಳಿ. ಬೆನ್ನ ಹಿಂದೆ ಸಮುದ್ರ, ಬಾಹ್ಯಾಕಾಶ ಎಂದು ಕೃತಕ ಹಿನ್ನೆಲೆ ಹಾಕಿಕೊಂಡಿದ್ದರೆ ತೆಗೆಸಿ, ಇಲ್ಲವಾದರೆ ಕೈಯಲ್ಲಿ ಹಿಡಿದ ಚೂರು ಆ ಸಮುದ್ರದಲ್ಲೇ ಮುಳುಗಿಹೋಗುತ್ತದೆ. ವಾಕ್ಯ ಸಿಕ್ಕಿದೊಡನೆ ಹುಟ್ಟುಹಬ್ಬದ ಮಗು ಫೋನ್ ಹಿಡಿದು ಮನೆಯೆಲ್ಲ ಓಡಲಿ, ಗೆಳೆಯರು ಅದರ ಹಿಂದೆಯೇ ಕೂಗಲಿ. ಕಪಾಟಿನ ಒಳಗನ್ನು ಮೊದಲೇ ಓರಣ ಮಾಡಿಡಿ, ಎಂಟು ಮನೆಗಳಿಗೆ ಕಾಣುತ್ತದೆ.

ಉಳಿದ ಆಟಗಳಿಗೆ ನನ್ನ ಅಪ್ಪಣೆ ಬೇಕಾಗಿಲ್ಲ. ಮನೆಯಿಂದ ವಸ್ತು ತರುವ ಆಟವಾದರೆ "ಕೆಂಪು ಚಮಚ ತಾ" ಎಂದು ಶಿಶುವಿಹಾರದ ಮಟ್ಟಕ್ಕೆ ಇಳಿಸಬೇಡಿ. "ನಿನಗಿಂತ ಹಳೆಯದೊಂದು ವಸ್ತು", "ಮನೆಯಲ್ಲಿ ಯಾರಿಗೂ ಹೆಸರು ಗೊತ್ತಿಲ್ಲದ ವಸ್ತು" ಎಂದು ಕೇಳಿ, ಒಂದು ನಿಮಿಷ ಕೊಡಿ. ಮೊಮ್ಮಗಳು ಮಾಫಿಯಾ ಎಂಬ ಆಟ ಕಲಿಸಿದಳು. ಹೆಸರು ಕೇಳಿ ನಾನು ಹುಬ್ಬೇರಿಸಿದೆ. 1986ರಲ್ಲಿ ಮಾಸ್ಕೋದ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ದಿಮಿತ್ರಿ ದಾವಿದೋಫ್ ಹುಟ್ಟುಹಾಕಿದ್ದಂತೆ. ಗುಟ್ಟಾಗಿ ನೇಮಕವಾದ ಕಳ್ಳರು ಯಾರೆಂದು ಮುಖ ನೋಡಿ, ಮಾತು ಕೇಳಿ ಊಹಿಸಬೇಕು. ಎಲ್ಲರ ಮುಖ ಒಂದೇ ಪರದೆಯಲ್ಲಿ ದೊಡ್ಡದಾಗಿ ಕಾಣುವುದರಿಂದ ಎದುರಿಗೆ ಕೂತಾಡುವುದಕ್ಕಿಂತ ಇಲ್ಲೇ ಚೆನ್ನಾಗಿ ನಡೆಯುತ್ತದೆ. ನಡೆಸುವವರು ಪ್ರತಿಯೊಬ್ಬರಿಗೂ ಖಾಸಗಿ ಸಂದೇಶದಲ್ಲಿ ಅವರ ಪಾತ್ರ ತಿಳಿಸಿದರೆ ಸಾಕು. ಅಮಾಂಗ್ ಅಸ್ ಎಂಬ ವಿಡಿಯೋ ಆಟ ಕೂಡ ಅದೇ ಜಾತಿಯದು, ಒಂದಾಟಕ್ಕೆ 15 ಮಂದಿವರೆಗೆ ಸೇರಬಹುದು.

ಕೊಂಡಿಯನ್ನು ಸ್ಟೇಟಸ್‌ಗೂ ದೊಡ್ಡ ಗುಂಪುಗಳಿಗೂ ಹಾಕಬೇಡಿ, ತಂದೆತಾಯಿಗೆ ನೇರವಾಗಿ ಕಳುಹಿಸಿ. ಬಂದವರನ್ನು ಹೊರಗೆ ಕಾಯಿಸಿ, ಹೆಸರು ನೋಡಿ ಒಳಗೆ ಬಿಡುವ ವ್ಯವಸ್ಥೆ ಇರುತ್ತದೆ, ಬಳಸಿ. ಕೇಳದೆ ರೆಕಾರ್ಡ್ ಮಾಡಬೇಡಿ. ಯಾವುದಾದರೂ ಮಗು ಕ್ಯಾಮೆರಾ ಹಾಕದಿದ್ದರೆ ಪೀಡಿಸಬೇಡಿ, ಮನೆಯಲ್ಲಿ ಏನಿದೆಯೋ ನಿಮಗೇನು ಗೊತ್ತು? ಲಕೋಟೆಯ ಹೊತ್ತಿಗೆ ತಾನಾಗಿಯೇ ಹಾಕುತ್ತದೆ.

ಆಟ ಮುಗಿದೊಡನೆ "ಎಲ್ಲರಿಗೂ ಧನ್ಯವಾದ" ಎಂದು ಟಕ್ಕನೆ ಕರೆ ಮುಗಿಸುವ ಚಾಳಿಯೊಂದಿದೆ. ಕರೆ ನಡೆಸುವ ಅಧಿಕಾರ ಮಗುವಿಗೆ ಒಪ್ಪಿಸಿ ನೀವು ಎದ್ದು ಹೋಗಿ. ಮೊಮ್ಮಗಳ ಗೆಳತಿಯರು ಕಳೆದ ಬಾರಿ ಎಲ್ಲ ಮುಗಿದ ಮೇಲೆ ಎರಡನೆಯ ಕೊಂಡಿಯ ಸಮಯ ಕಡಿದುಬೀಳುವವರೆಗೂ ಕೂತು ಹರಟಿದರು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಮೇಜಿನ ಮೇಲೆ ಕಾಗದದ ಚೂರುಗಳ ನಡುವೆ ಕೆಂಪು ದಾರದ ಕತ್ತರಿ ಬಿದ್ದಿತ್ತು.