ಎರಡು ಮೂರು ಡ್ರೈವ್ ಇದ್ದರೆ ಕಂಪ್ಯೂಟರ್ ಶುರುವಾಗುವುದು ಯಾವುದರಿಂದ?

ಕೊಡಗಿನ ತೋಟದ ಆಫೀಸುಗಳಲ್ಲಿ, ಹೋಂಸ್ಟೇಗಳಲ್ಲಿ ಹಳೆಯ ಕಂಪ್ಯೂಟರ್‌ಗೆ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ, ಚಿಪ್‌ಗಳಿಂದ ಮಾಡಿದ ಡ್ರೈವ್) ಹಾಕಿಸಿ ಇನ್ನಷ್ಟು ವರ್ಷ ಓಡಿಸುವವರು ತುಂಬಾ ಜನ. ಒಳ್ಳೆಯ ನಿರ್ಧಾರವೇ. ಆದರೆ ಹಳೆಯ ಹಾರ್ಡ್ ಡಿಸ್ಕನ್ನು ಯಾರೂ ತೆಗೆಯುವುದಿಲ್ಲ. ಕಾಫಿ, ಕರಿಮೆಣಸಿನ ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ. ಅದರ ಜೊತೆಗೆ ಬ್ಯಾಕಪ್‌ಗೆಂದು ಎಕ್ಸ್‌ಟರ್ನಲ್ ಡಿಸ್ಕ್, ಮುಂದೆ ಸಿಕ್ಕಿಸಿದ ಪೆನ್‌ಡ್ರೈವ್. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಪರದೆಯಲ್ಲಿ ‘ನೋ ಬೂಟಬಲ್ ಡಿವೈಸ್’ (ಬೂಟ್ ಆಗಲು, ಅಂದರೆ ಶುರುವಾಗಲು, ಡ್ರೈವ್ ಸಿಗಲಿಲ್ಲ) ಅಂತ ಕಂಡರೆ ಎದೆ ಧಸಕ್ಕೆನ್ನುತ್ತದೆ. ಡಿಸ್ಕ್ ಕೆಟ್ಟಿತು ಅಂತ ಆಗಲೇ ತೀರ್ಮಾನಿಸಬೇಡಿ. ಕಂಪ್ಯೂಟರ್ ಬೇರೆ ಡ್ರೈವ್‌ನಲ್ಲಿ ಹುಡುಕುತ್ತಿರಬಹುದು.

ಮೊದಲು ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲ ಕಿತ್ತು ಮತ್ತೆ ಆನ್ ಮಾಡಿ. ಸರಿಹೋದರೆ ಕಾರಣ ಸಿಕ್ಕಿತು. ಸರಿಹೋಗದಿದ್ದರೆ ಒಳಗೆ ಏನು ನಡೆಯುತ್ತದೆ ಅಂತ ತಿಳಿಯುವುದು ಒಳ್ಳೆಯದು.

ಡ್ರೈವ್‌ಗಳನ್ನು ಗುರುತಿಸುವುದು

ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡ್ ಮೇಲಿನ ಚಿಪ್‌ನಲ್ಲಿರುವ ಸಣ್ಣ ಪ್ರೋಗ್ರಾಂ ಏಳುತ್ತದೆ. ಹಳೆಯ ಯಂತ್ರಗಳಲ್ಲಿ ಇದು ಬಯಾಸ್, ಹೊಸದರಲ್ಲಿ ಯುಇಎಫ್‌ಐ. ಮಾತಿನಲ್ಲಿ ಎರಡನ್ನೂ ಬಯಾಸ್ ಅಂತಲೇ ಕರೆಯುತ್ತೇವೆ. ಇದು ಡ್ರೈವ್ ಜೋಡಿಸುವ ಸಾಟಾ, ಎಂ.2, ಯುಎಸ್‌ಬಿ ಪೋರ್ಟ್‌ಗಳಲ್ಲೆಲ್ಲ ‘ಯಾರಿದ್ದೀರಿ’ ಅಂತ ವಿಚಾರಿಸುತ್ತದೆ. ಪ್ರತಿ ಡ್ರೈವ್ ತನ್ನ ಮಾಡೆಲ್, ಸೀರಿಯಲ್ ನಂಬರ್, ಎಷ್ಟು ಜಾಗವಿದೆ ಅನ್ನುವುದನ್ನು ಹೇಳುತ್ತದೆ.

ಈ ಪಟ್ಟಿ ನೋಡಬೇಕಾದರೆ ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್ 2 ಕೀಯನ್ನು ಮತ್ತೆ ಮತ್ತೆ ಒತ್ತಿ. ಎಚ್‌ಪಿ ಆದರೆ ಎಫ್ 10. ಅಲ್ಲಿ ‘ಸಿ ಡ್ರೈವ್’, ‘ಡಿ ಡ್ರೈವ್’ ಅಂತ ಇರುವುದಿಲ್ಲ. ಆ ಅಕ್ಷರಗಳು ವಿಂಡೋಸ್ ಕೊಟ್ಟವು, ಬಯಾಸ್‌ಗೆ ಅವುಗಳ ಪರಿಚಯವೇ ಇಲ್ಲ. ಅಲ್ಲಿ ಕಾಣುವುದು ಮಾಡೆಲ್ ಹೆಸರು. ‘ಎಸ್‌ಟಿ’ಯಿಂದ ಶುರುವಾದರೆ ಸಾಮಾನ್ಯವಾಗಿ ಸೀಗೇಟ್, ‘ಡಬ್ಲ್ಯುಡಿ’ ಇದ್ದರೆ ವೆಸ್ಟರ್ನ್ ಡಿಜಿಟಲ್. ಒಂದೇ ಮಾಡೆಲ್‌ನ ಎರಡು ಡಿಸ್ಕ್ ಇದ್ದರೆ ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ನಂಬರ್ ತಾಳೆ ನೋಡಿ.

ನಿಮ್ಮ ಡ್ರೈವ್ ಈ ಪಟ್ಟಿಯಲ್ಲೇ ಇಲ್ಲದಿದ್ದರೆ ತೊಂದರೆ ಸಾಮಾನ್ಯವಾಗಿ ಕೇಬಲ್‌ನಲ್ಲಿ ಇಲ್ಲವೇ ಡಿಸ್ಕ್‌ನಲ್ಲಿ. ಪಟ್ಟಿಯಲ್ಲಿ ಕಂಡೂ ಬೂಟ್ ಆಗದಿದ್ದರೆ ಮುಂದೆ ಓದಿ.

ಸರದಿ ಯಾರದ್ದು?

ಬಯಾಸ್ ಹಳೆಯದೋ ಹೊಸದೋ ಅನ್ನುವುದು ಇಲ್ಲಿ ಮುಖ್ಯ, ಎರಡರ ದಾರಿ ಬೇರೆ ಬೇರೆ.

ಹಳೆಯ ಬಯಾಸ್, ಬೂಟ್ ಆರ್ಡರ್‌ನಲ್ಲಿ (ಡ್ರೈವ್‌ಗಳ ಸರದಿ ಪಟ್ಟಿಯಲ್ಲಿ) ಮೊದಲಿರುವ ಡ್ರೈವ್‌ನ ಮೊದಲ 512 ಬೈಟ್ ಓದುತ್ತದೆ. ಕೊನೆಯ ಎರಡು ಬೈಟ್‌ನಲ್ಲಿ ಒಂದು ನಿಗದಿತ ಗುರುತು ಇದ್ದರೆ ‘ಇದು ಬೂಟ್ ಡಿಸ್ಕ್’ ಅಂತ ನಂಬಿ ಕೆಲಸ ಒಪ್ಪಿಸುತ್ತದೆ. ಒಳಗೆ ನಿಜವಾಗಿ ವಿಂಡೋಸ್ ಇದೆಯಾ ಅಂತ ಮುಂದೆ ನೋಡುವುದಿಲ್ಲ. ಫೋಟೊ ತುಂಬಿದ ಪೆನ್‌ಡ್ರೈವ್‌ನಲ್ಲೂ ಆ ಗುರುತು ಇರಬಹುದು. ಯುಎಸ್‌ಬಿ ಮೊದಲ ಸರದಿಯಲ್ಲಿದ್ದರೆ ಯಂತ್ರ ಅಲ್ಲೇ ನಿಂತುಬಿಡುತ್ತದೆ. ಪೆನ್‌ಡ್ರೈವ್ ಕೀಳಲು ಮೊದಲೇ ಹೇಳಿದ್ದು ಇದಕ್ಕೇ.

ಯುಇಎಫ್‌ಐ ಹಾಗಲ್ಲ. ಯಾವ ಡಿಸ್ಕ್‌ನ ಯಾವ ಪಾರ್ಟಿಶನ್‌ನಲ್ಲಿ (ಡಿಸ್ಕಿನ ಭಾಗದಲ್ಲಿ) ಯಾವ ಬೂಟ್ ಫೈಲ್ ಇದೆ ಅನ್ನುವುದನ್ನು ಮದರ್‌ಬೋರ್ಡ್‌ನ ಮೆಮೊರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆದ್ದರಿಂದ ಬೂಟ್ ಪಟ್ಟಿಯಲ್ಲಿ ಡಿಸ್ಕಿನ ಹೆಸರಿನ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಅಂತ ಕಾಣುತ್ತದೆ. ಪಾರ್ಟಿಶನ್‌ಗೂ ಅದರದೇ ಗುರುತಿನ ಸಂಖ್ಯೆ ಇದೆ. ಕ್ಯೂರಿಂಗ್‌ಗೆ ಕಳಿಸುವ ಕಾಫಿ ಚೀಲದ ಮೇಲೆ ತೋಟದ ಗುರುತು ಹಾಕಿದ ಹಾಗೆ. ಚೀಲ ಅಟ್ಟಿಯ ಮೇಲಿರಲಿ ಕೆಳಗಿರಲಿ, ಗುರುತು ಬದಲಾಗುವುದಿಲ್ಲ. ಕೇಬಲ್ ಬೇರೆ ಪೋರ್ಟ್‌ಗೆ ಹಾಕಿದರೂ ಸಾಮಾನ್ಯವಾಗಿ ಬೂಟ್ ಆಗುವುದು ಇದರಿಂದಲೇ.

ಒಂದೇ ಸಲಕ್ಕೆ ಬೇರೆ ಡ್ರೈವ್‌ನಿಂದ ಶುರು ಮಾಡಬೇಕಾದರೆ ಬೂಟ್ ಆರ್ಡರ್ ಮುಟ್ಟಬೇಡಿ. ಬೂಟ್ ಮೆನು ಸಾಕು. ಡೆಲ್, ಲೆನೊವೊಗಳಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಏಸಸ್ ಮದರ್‌ಬೋರ್ಡ್‌ಗಳಲ್ಲಿ ಎಫ್ 8, ಎಂಎಸ್‌ಐಯಲ್ಲಿ ಎಫ್ 11. ಖಾಯಂ ಬದಲಾವಣೆ ಬೇಕಿದ್ದರೆ ಮಾತ್ರ ಬಯಾಸ್‌ನ ‘ಬೂಟ್’ ಪುಟಕ್ಕೆ ಹೋಗಿ ನಿಮ್ಮ ಡ್ರೈವನ್ನು ಮೇಲಕ್ಕೆ ತಂದು ಎಫ್ 10 ಒತ್ತಿ ಸೇವ್ ಮಾಡಿ. ವಿಂಡೋಸ್ 11 ಇದ್ದರೆ ಅದಕ್ಕೂ ಮುಂಚೆ 48 ಅಂಕಿಯ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಬದಲಾದಾಗ ಕೆಲವು ಯಂತ್ರಗಳು ಅದನ್ನು ಕೇಳುತ್ತವೆ.

ಹಳೆಯ ಡಿಸ್ಕ್ ಕೀಳುವ ಮುಂಚೆ ಇದನ್ನು ನೋಡಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎರಡು ಡಿಸ್ಕ್ ಇರುವಾಗ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದರೆ, ವಿಂಡೋಸ್ ಎಸ್‌ಎಸ್‌ಡಿಯಲ್ಲೇ ಕೂರುತ್ತದೆ. ಅದರ ಬೂಟ್ ಫೈಲ್‌ಗಳು ಮಾತ್ರ ಹಳೆಯ ಡಿಸ್ಕ್‌ನಲ್ಲಿ ಮೊದಲೇ ಇದ್ದ ಇಎಫ್‌ಐ ಪಾರ್ಟಿಶನ್‌ಗೆ (ಬೂಟ್ ಫೈಲ್‌ಗಳಿಗೆಂದೇ ಇರುವ ಭಾಗಕ್ಕೆ) ಹೋಗಿಬಿಡಬಹುದು. ದಿನಾ ಚೆನ್ನಾಗಿಯೇ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಹಳೆಯ ಡಿಸ್ಕ್ ಕೆಟ್ಟರೆ, ಅಥವಾ ನೀವೇ ಕಿತ್ತರೆ, ಹೊಚ್ಚ ಹೊಸ ಎಸ್‌ಎಸ್‌ಡಿ ಇದ್ದೂ ಕಂಪ್ಯೂಟರ್ ಏಳುವುದಿಲ್ಲ.

ಪರೀಕ್ಷೆ ಸುಲಭ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗೆ ಡಿಸ್ಕ್ 0, ಡಿಸ್ಕ್ 1 ಅಂತ ಸಾಲುಗಳು ಇರುತ್ತವೆ. ಯಾವುದು ಯಾವುದು ಅಂತ ಅಳತೆಯಿಂದಲೇ ಗೊತ್ತಾಗುತ್ತದೆ. 240 ಜಿಬಿ ಎಸ್‌ಎಸ್‌ಡಿ ಅಲ್ಲಿ ಸುಮಾರು 223 ಜಿಬಿ, 1 ಟಿಬಿ ಡಿಸ್ಕ್ ಸುಮಾರು 931 ಜಿಬಿ ಅಂತ ಕಾಣುತ್ತದೆ. ಈಗ ಸಿ ಡ್ರೈವ್ ಯಾವ ಸಾಲಿನಲ್ಲಿದೆ ನೋಡಿ. ಆಮೇಲೆ ‘ಇಎಫ್‌ಐ ಸಿಸ್ಟಂ ಪಾರ್ಟಿಶನ್’ ಅಂತ ಬರೆದ ಚಿಕ್ಕ ಚೌಕ ಹುಡುಕಿ. ಸಾಮಾನ್ಯವಾಗಿ 100 ಎಂಬಿ ಅಥವಾ ಕೆಲವು ನೂರು ಎಂಬಿ ಇರುತ್ತದೆ. ಎರಡೂ ಒಂದೇ ಸಾಲಿನಲ್ಲಿದ್ದು, ಇನ್ನೊಂದು ಸಾಲಿನಲ್ಲಿ ಆ ಚೌಕ ಇಲ್ಲದಿದ್ದರೆ ನಿಶ್ಚಿಂತೆ. ಚೌಕ ಹಳೆಯ ಡಿಸ್ಕ್‌ನ ಸಾಲಿನಲ್ಲಿ ಮಾತ್ರ ಇದ್ದರೆ ಅದನ್ನು ಕೀಳಬೇಡಿ, ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಎರಡೂ ಕಡೆ ಇದ್ದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಹಳೆಯ ಡಿಸ್ಕ್‌ನ ಕೇಬಲ್ ಮಾತ್ರ ಬಿಡಿಸಿ ಆನ್ ಮಾಡಿ ನೋಡಿ. ಡೇಟಾಕ್ಕೆ ಏನೂ ಆಗುವುದಿಲ್ಲ. ಏಳದಿದ್ದರೆ ಕೇಬಲ್ ವಾಪಸ್ ಹಾಕಿದರಾಯಿತು.

ಸರಿಮಾಡಲು ದಾರಿ ಇದೆ. ಎಸ್‌ಎಸ್‌ಡಿಯಲ್ಲಿ ಒಂದಿಷ್ಟು ಜಾಗ ಬಿಡಿಸಿ ಹೊಸ ಇಎಫ್‌ಐ ಪಾರ್ಟಿಶನ್ ಮಾಡಿ, ವಿಂಡೋಸ್‌ನದೇ ಬಿಸಿಡಿಬೂಟ್ ಕಮಾಂಡ್‌ನಿಂದ ಬೂಟ್ ಫೈಲ್ ಬರೆಸಬೇಕು. ಇದನ್ನು ಗೊತ್ತಿರುವವರ ಕೈಯಲ್ಲೇ ಮಾಡಿಸಿ, ಬ್ಯಾಕಪ್ ಮಾತ್ರ ಮೊದಲೇ ತೆಗೆದಿಡಿ. ಇನ್ನೂ ಎಸ್‌ಎಸ್‌ಡಿ ಹಾಕಿಸಿಲ್ಲ ಅಂದರೆ, ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಹಾಕಿಸುವಾಗ ಒಂದು ಮಾತು ಹೇಳಿ: ‘ವಿಂಡೋಸ್ ಹಾಕುವಾಗ ಹಳೆಯ ಡಿಸ್ಕ್ ಕಿತ್ತಿಟ್ಟು ಹಾಕಿ.’ ಅಷ್ಟು ಮಾಡಿದರೆ ಈ ತಲೆನೋವೇ ಇಲ್ಲ. ಕ್ಲೋನ್ (ಹಳೆಯ ಡಿಸ್ಕಿನ ಪಡಿಯಚ್ಚು) ಮಾಡಿಸಿದರೂ ಅಷ್ಟೇ, ಮೊದಲ ಸಲ ಆನ್ ಮಾಡುವಾಗ ಎಸ್‌ಎಸ್‌ಡಿ ಒಂದೇ ಇರಲಿ. ಎರಡರ ಗುರುತೂ ಒಂದೇ ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ.

ಮಳೆಗಾಲ ಪೂರ್ತಿ ಮೇನ್ ಸ್ವಿಚ್ ಆರಿಸಿಡುವ ಡೆಸ್ಕ್‌ಟಾಪ್‌ಗಳಿಗೆ ಇನ್ನೊಂದು ವಿಷಯ. ಮದರ್‌ಬೋರ್ಡ್‌ನಲ್ಲಿ ಸಿಆರ್ 2032 ಅನ್ನುವ 3 ವೋಲ್ಟ್‌ನ ನಾಣ್ಯದಂಥ ಸೆಲ್ ಇರುತ್ತದೆ. ಪ್ಲಗ್‌ನಲ್ಲಿ ಕರೆಂಟ್ ಇಲ್ಲದಾಗ ಗಡಿಯಾರ ನಡೆಯುವುದು ಇದರಿಂದಲೇ. ಇದು ಮುಗಿದರೆ ತಾರೀಕು ಹಿಂದಕ್ಕೆ ಹೋಗುತ್ತದೆ. ಜೊತೆಗೆ ಬೂಟ್ ಆರ್ಡರ್, ಸಾಟಾ ಮೋಡ್‌ನಂಥ ಸೆಟ್ಟಿಂಗ್‌ಗಳೂ ಫ್ಯಾಕ್ಟರಿಯಿಂದ ಬಂದಾಗ ಇದ್ದಂತೆ ಆಗಿಬಿಡಬಹುದು. ಆನ್ ಮಾಡಿದಾಗೆಲ್ಲ ತಾರೀಕು ತಪ್ಪಾಗಿದ್ದರೆ ಮೊದಲು ಸೆಲ್ ಬದಲಿಸಿ, ಆಮೇಲೆ ಬೂಟ್ ಆರ್ಡರ್ ಸರಿಮಾಡಿ. ಸೆಲ್ ಹಾಗೇ ಬಿಟ್ಟು ಸೆಟ್ಟಿಂಗ್ ತಿದ್ದಿದರೆ ಮುಂದಿನ ಸಲ ಕರೆಂಟ್ ಹೋದಾಗ ಎಲ್ಲ ಮತ್ತೆ ಅಳಿಸಿಹೋಗಬಹುದು.